ಪಣಂಬೂರಿನಿಂದ ಗುಂಡ್ಯದವರೆಗೆ: ಗುಡ್ಡದೂರಲ್ಲಿ ಲಾರಿಗೆ ದಾರಿ ಹುಡುಕಿದ ಕಥೆ

ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ. ಮಂಗಳೂರಿನ ಪಣಂಬೂರು ಬಂದರಲ್ಲಿ 40 ಅಡಿಯ ಒಂದು ಕಂಟೇನರ್ ಇಳಿದಿದೆ. ಅದನ್ನು ಟ್ರೇಲರ್ ಮೇಲೆ ಕೂರಿಸಿ ಆಗಿದೆ. ಬೆಂಗಳೂರಿಗೆ ಹೋಗಬೇಕು. ದಾರಿ ಹೇಳಿ.

ನಿಮ್ಮ ಕೈ ಈಗಾಗಲೇ ಫೋನಿನ ಮ್ಯಾಪಿಗೆ ಹೋಗಿರತ್ತೆ, ಗೊತ್ತು. ಆದ್ರೆ ಆ ಮ್ಯಾಪು ನಿಮ್ಮನ್ನು ಕೇಳೋದು ಕಾರಾ, ಬೈಕಾ, ಬಸ್ಸಾ, ನಡಿಗೆನಾ ಅಂತ. 40 ಅಡಿ ಟ್ರೇಲರ್ ಅನ್ನೋ ಆಯ್ಕೆ ಅದರಲ್ಲಿಲ್ಲ. ಮುಖ್ಯ ರಸ್ತೆ ಜಾಮ್ ಆಗಿದ್ರೆ ಕಾವೂರು, ಬೊಂದೆಲ್, ವಾಮಂಜೂರು ಅಂತ ಒಳದಾರಿ ತೋರಿಸಿಬಿಡತ್ತೆ. ಕಾರಿಗೆ ಅದು ಒಳ್ಳೇ ಉಪಾಯ. ಟ್ರೇಲರ್ ಡ್ರೈವರ್ ಅದನ್ನು ನಂಬಿ ತಿರುಗಿಸಿದ್ರೆ ಯಾವುದೋ ಏರಿನಲ್ಲಿ, ಯಾರದೋ ಕಾಂಪೌಂಡಿಗೆ ಹಿಂದಿನ ಚಕ್ರ ತಾಗಿಸಿಕೊಂಡು ನಿಲ್ತಾನೆ. ಅವನ ಹಿಂದೆ ಇಡೀ ಊರು ನಿಲ್ಲತ್ತೆ.

ನಾನು ಓದಿದ್ದು ಬಿ.ಕಾಂ. ಇಂಜಿನಿಯರ್ ಅಲ್ಲ. ಹಾಗಾಗಿ ಈ ಕಥೆಯನ್ನು ನಾನು ನೋಡೋದು ಸ್ವಲ್ಪ ಜಮಾ-ಖರ್ಚಿನ ಕಣ್ಣಲ್ಲೇ. ಭಾರವಾದ ಸರಕನ್ನು ಈ ಊರಿನ ಮೂಲಕ ದಾಟಿಸೋಕೆ ನೂರೈವತ್ತು ವರ್ಷದಿಂದ ಯಾರ್ಯಾರು ಏನೇನು ಮಾಡಿದ್ರು, ಅದರ ಬೆಲೆಯನ್ನು ಯಾರು ಕೊಟ್ರು ಅನ್ನೋದೇ ಇವತ್ತಿನ ವಿಷಯ.

ಮೊದಲು ನೆಲ ನೋಡೋಣ. ಮಂಗಳೂರು ಅಂದ್ರೆ ಸಮುದ್ರ ಅಂತ ಹೊರಗಿನವರು ಅಂದ್ಕೊಳ್ತಾರೆ. ಇಲ್ಲಿ ಬೆಳೆದವರಿಗೆ ಮಂಗಳೂರು ಅಂದ್ರೆ ಏರು-ಇಳಿತ. ಕೆಂಪು ಮುರಕಲ್ಲಿನ ಗುಡ್ಡಗಳು, ಅವುಗಳ ನಡುವೆ ಹಿಂದೆ ಗದ್ದೆಯಾಗಿದ್ದ ತಗ್ಗುಗಳು. ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ ಹೊಳೆ, ಅದನ್ನೇ ಫಲ್ಗುಣಿ ಅಂತಲೂ ಕರೀತೇವೆ. ಎರಡೂ ಬಂದು ಒಂದೇ ಅಳಿವೆ ಬಾಗಿಲಲ್ಲಿ ಸಮುದ್ರ ಸೇರ್ತವೆ. ಈ ನೆಲದ ನಕ್ಷೆ ಬೇಕಾದ್ರೆ ಸರ್ವೆ ಇಲಾಖೆಗೆ ಹೋಗಬೇಕಾಗಿಲ್ಲ, ಬಸ್ಸಿನ ಬೋರ್ಡು ಓದಿದ್ರೆ ಸಾಕು. ಬಾವುಟಗುಡ್ಡೆ, ಮಣ್ಣಗುಡ್ಡೆ, ಗೋರಿಗುಡ್ಡೆ, ಇವೆಲ್ಲ ಏರು. ಪದವು ಅಂದ್ರೆ ತುಳುವಿನಲ್ಲಿ ಗುಡ್ಡದ ಮೇಲಿನ ಸಪಾಟು ಜಾಗ. ನಂತೂರು ಪದವು, ಪದವಿನಂಗಡಿ. ಬೈಲು, ಮೊಗರು ಅಂತ ಬಂತೋ, ತಗ್ಗು. ಜಪ್ಪಿನಮೊಗರು ನೇತ್ರಾವತಿಯ ದಡದಲ್ಲೇ ಉಂಟು. ಕಟ್ಟೆ ಅಂತ ಬಂದ್ರೆ ಜನ ಭಾರ ಇಳಿಸಿ ಉಸಿರು ಬಿಡ್ತಿದ್ದ ಜಾಗ ಇರಬಹುದು. ಹಂಪನಕಟ್ಟೆಯ ಹೆಸರು ದಾರಿಹೋಕರಿಗೆ ನೀರು ಕೊಡ್ತಿದ್ದ ಅಪ್ಪಣ್ಣ ಅನ್ನೋರ ಕಟ್ಟೆಯಿಂದ ಬಂತು ಅಂತ ಹೇಳೋದುಂಟು. ನಿಜವೋ ಕಥೆಯೋ, ತಲೆಹೊರೆ ಹೊತ್ತು ಬಂದವನಿಗೆ ಈ ಊರಲ್ಲಿ ನಡುವೆ ಒಂದು ಕಟ್ಟೆ ಬೇಕಿತ್ತು ಅನ್ನೋದಂತೂ ನಂಬೋ ಮಾತು.

ಇಂಥ ನೆಲದಲ್ಲಿ ಹಿಂದಿನವರು ಭಾರವಾದದ್ದನ್ನು ಹೇಗೆ ಸಾಗಿಸಿದ್ರು? ಆದಷ್ಟು ಗುಡ್ಡ ಹತ್ತದೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಜಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು. ಮಂಗಳೂರು ಹಂಚು ಅನ್ನೋ ಹೆಸರೇ ಅಲ್ಲಿಂದ ಹೊರಟದ್ದು. ಆಮೇಲೆ ಬಂದ ಹಂಚಿನ ಕಾರ್ಖಾನೆಗಳೂ ಹೆಚ್ಚಾಗಿ ಹೊಳೆ ದಡ ಹಿಡಿದೇ ಕೂತವು. ಕಾರಣ ಸುಲಭ. ಆವೆಮಣ್ಣು ದೋಣಿಯಲ್ಲಿ ಬರತ್ತೆ, ಸುಟ್ಟ ಹಂಚು ದೋಣಿಯಲ್ಲೇ ಹೋಗತ್ತೆ. ಹಡಗುಗಳು ಹೊರಗೆ ಸಮುದ್ರದಲ್ಲೇ ಲಂಗರು ಹಾಕ್ತಿದ್ವು. ಬಂದರಿನ ದಕ್ಕೆಯಿಂದ ಸಣ್ಣ ದೋಣಿಗಳಲ್ಲಿ ಸರಕು ಅಲ್ಲಿಗೆ ಹೋಗ್ತಿತ್ತು. ಘಟ್ಟದ ಮೇಲಿನ ಕಾಫಿ ಮಾತ್ರ ಎತ್ತಿನ ಗಾಡಿಯಲ್ಲಿ ಇಳಿದು ಬರಬೇಕಿತ್ತು. ಬಂದದ್ದು ಬಂಡಸಾಲೆಗಳಲ್ಲಿ ಕೂರ್ತಿತ್ತು. ಮಳೆಗಾಲ ಬಂತೋ, ಅಳಿವೆಯ ಮರಳದಿಣ್ಣೆ ಮತ್ತು ತೂಫಾನಿನಿಂದಾಗಿ ಬಂದರೇ ಬಂದ್. ವರ್ಷದಲ್ಲಿ ಮೂರು-ನಾಲ್ಕು ತಿಂಗಳು ವ್ಯಾಪಾರಕ್ಕೇ ರಜೆ ಅಂದ ಹಾಗೆ. ಇದನ್ನು ಈಗಿನ ಯಾವ ಲಾಜಿಸ್ಟಿಕ್ಸ್ ಮ್ಯಾನೇಜರಿಗೆ ಹೇಳಿದ್ರೂ ಎದೆ ಹಿಡ್ಕೊಳ್ತಾನೆ.

1907ರಲ್ಲಿ ಕೇರಳದ ಕಡೆಯಿಂದ ರೈಲು ಬಂತು, ಅದೂ ಕರಾವಳಿಯ ತಗ್ಗು ಹಿಡಿದೇ. ಘಟ್ಟ ಹತ್ತಿ ಹಾಸನಕ್ಕೆ ಹೋಗೋ ರೈಲಿಗೆ 1979ರವರೆಗೆ ಕಾಯಬೇಕಾಯ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಲ್ಲಿ 57 ಸುರಂಗ. ಏರು 50ಕ್ಕೆ 1. ಅಂದ್ರೆ 50 ಮೀಟರ್ ಮುಂದೆ ಹೋದ್ರೆ 1 ಮೀಟರ್ ಮೇಲೆ. ಲಾರಿಗೆ ಇದು ಏರೇ ಅಲ್ಲ, ರೈಲಿಗೆ ಬೆಟ್ಟ.

ಈಗ ಕಥೆ ತಿರುಗೋ ಜಾಗಕ್ಕೆ ಬಂದ್ವಿ. ಹಳೇ ಬಂದರಿನ ಈ ಮಳೆಗಾಲದ ರಜೆ ತಪ್ಪಿಸೋಕೆ, ದೊಡ್ಡ ಹಡಗುಗಳನ್ನು ಒಳಗೇ ತರೋಕೆ ಪಣಂಬೂರಿನಲ್ಲಿ ಹೊಸ ಬಂದರು ತೋಡಿದ್ರು. ಕೆಲಸ ಶುರುವಾದದ್ದು 1960ರ ದಶಕದಲ್ಲಿ. 1974ರ ಮೇ 4ರಂದು ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರ್ತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದ್ರು. ರಸಗೊಬ್ಬರ ಕಾರ್ಖಾನೆ, ಕುದುರೆಮುಖದ ಅದಿರು, 1990ರ ದಶಕದಲ್ಲಿ ಎಂಆರ್‌ಪಿಎಲ್ ರಿಫೈನರಿ, ಎಲ್ಲ ಅದರ ಸುತ್ತ ಬಂದು ಕೂತ್ವು.

ನಕ್ಷೆ ತೆಗೆದು ನೋಡಿ. ಬಂದರು ಇರೋದು ಗುರುಪುರ ಹೊಳೆಯ ಉತ್ತರಕ್ಕೆ. ಬೆಂಗಳೂರಿಗೆ ಹೋಗೋ ಹೆದ್ದಾರಿ ಹಿಡಿಯಬೇಕಾದದ್ದು ಊರಿನ ಪೂರ್ವದ ಅಂಚಿನಲ್ಲಿ, ಪಡೀಲಿನಲ್ಲಿ. ನಡುವೆ ಒಂದು ಹೊಳೆ, ಒಂದು ಗುಡ್ಡಸಾಲು, ಮತ್ತೆ ಒಂದು ಇಡೀ ಊರು. ಬಂದರಿಗೆ ಜಾಗ ಹುಡುಕುವಾಗ ಹಡಗಿನ ಕಣ್ಣಿಂದ ನೋಡಿದ್ರು, ಲಾರಿಯ ಕಣ್ಣಿಂದ ನೋಡೋ ಕೆಲಸ ಆಮೇಲಿನವರಿಗೆ ಉಳೀತು ಅನ್ನೋದು ನನ್ನ ಅಭಿಪ್ರಾಯ. ಆ ಕಾಲಕ್ಕೆ ಲಾರಿ ಅಂದ್ರೆ ಆರು ಚಕ್ರದ್ದು. 18, 22 ಚಕ್ರದ್ದು ಬರತ್ತೆ ಅಂತ ಅವರಿಗೆ ಕನಸು ಬಿದ್ದಿರಲಿಕ್ಕಿಲ್ಲ, ಒಪ್ತೇನೆ.

ಈಗ ಆ ಟ್ರೇಲರಲ್ಲಿ ನಾವೂ ಕೂರೋಣ. ಪಣಂಬೂರು ಗೇಟಿಂದ ಹೊರಟು ಕೂಳೂರು. ಅಲ್ಲಿ ಹೊಳೆಗೆ 1952ರ ಕಮಾನು ಸೇತುವೆ ಇವತ್ತಿಗೂ ನಿಂತಿದೆ, ಪಕ್ಕದಲ್ಲಿ ಆಮೇಲಿನದ್ದು. ಸಮುದ್ರದ ಉಬ್ಬರ ಬಂದು ಮುಟ್ಟೋ ಮಟ್ಟ ಅದು. ಅಲ್ಲಿಂದ ಕೊಟ್ಟಾರ ಚೌಕಿ, ಏರಿ ಕುಂಟಿಕಾನ, ಕೆಪಿಟಿ, ಪದವು, ನಂತೂರು. ನಂತೂರಲ್ಲಿ ಎಡಕ್ಕೆ ತಿರುಗಿ ಬಿಕರ್ನಕಟ್ಟೆ, ಮರೋಳಿ, ಇಳಿದು ಪಡೀಲ್. ಆಮೇಲೆ ಅಡ್ಯಾರು, ಫರಂಗಿಪೇಟೆ, ಬಿ.ಸಿ. ರೋಡ್ ಅಂತ ನೇತ್ರಾವತಿಯ ಪಕ್ಕದಲ್ಲೇ ಸಾಗತ್ತೆ.

ಆ ನಂತೂರಿನ ಎಡ ತಿರುವಿನ ಬಗ್ಗೆ ಒಂದೆರಡು ನಿಮಿಷ ಮಾತಾಡ್ಬೇಕು. ನೀವು ಸ್ಕೂಟರಲ್ಲಿ ಹೋಗೋರಾದ್ರೆ ಇದನ್ನು ಕೇಳಲೇಬೇಕು. ಟ್ರೇಲರ್ ಅಂದ್ರೆ ಎರಡು ತುಂಡು. ಮುಂದೆ ಇಂಜಿನ್, ಹಿಂದೆ ಉದ್ದನೆಯ ಹಲಗೆ, ನಡುವೆ ತಿರುಗೋ ಕೊಂಡಿ. ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲೇ ಹೋಗಲ್ಲ, ಒಳಗೆ ಕತ್ತರಿಸಿಕೊಂಡು ಹೋಗತ್ತೆ. ಅದಕ್ಕೇ ಎಡಕ್ಕೆ ಹೋಗಬೇಕಾದ ಡ್ರೈವರ್ ಮೊದಲು ಸ್ವಲ್ಪ ಬಲಕ್ಕೆ ಎಳೀತಾನೆ. ಎಡಗಡೆ ಜಾಗ ಖಾಲಿ ಆದ ಹಾಗೆ ಕಾಣತ್ತೆ. ನಮ್ಮ ಬೈಕಿನವರು ಏನು ಮಾಡ್ತಾರೆ? ಆ ಖಾಲಿ ಜಾಗಕ್ಕೆ ನುಗ್ತಾರೆ. ಐದು ಸೆಕೆಂಡಿನ ನಂತರ ಹಿಂದಿನ ಚಕ್ರ ಬರೋದು ಸರಿಯಾಗಿ ಅದೇ ಜಾಗಕ್ಕೆ. ಎಡ ಕನ್ನಡಿಯಲ್ಲಿ ಡ್ರೈವರಿಗೆ ಆ ಹೊತ್ತಲ್ಲಿ ಕಾಣೋದು ತನ್ನದೇ ಕಂಟೇನರಿನ ಗೋಡೆ. ವಾಪಸ್ ಬರೋ ಲಾರಿಗೆ ಇದೇ ಜಾಗದಲ್ಲಿ ಬಲ ತಿರುವು, ಅಂದ್ರೆ ಎದುರಿನ ವಾಹನಗಳನ್ನೆಲ್ಲ ಅಡ್ಡ ಹಾಯ್ದೇ ಹೋಗಬೇಕು. ನಾಲ್ಕು ದಿಕ್ಕಿಂದ ಸಿಟಿ ಬಸ್ಸು, ಶಾಲೆ ಮಕ್ಕಳ ರಿಕ್ಷಾ, ಪಂಪ್‌ವೆಲ್ ಕಡೆಯಿಂದ ಏರಿ ಬರೋ ಕೇರಳದ ಲಾರಿ, ಎಲ್ಲ ಬಂದು ಸೇರೋ ಜಾಗ ಅದು. ನಂತೂರಿನ ಅಪಘಾತದ ಸುದ್ದಿಗಳನ್ನು ಕರಾವಳಿಯವರು ಎಷ್ಟು ಸಲ ಓದಿದ್ದೇವೋ.

ಇನ್ನು ತೂಕ. 2018ರ ಜುಲೈಯಲ್ಲಿ ಕೇಂದ್ರ ಸರಕಾರ ಲಾರಿಗಳ ಭಾರದ ಮಿತಿ ಏರಿಸ್ತು. ಮೂರು ಆಕ್ಸಲಿನ ಲಾರಿಗೆ 25 ಟನ್ ಇದ್ದದ್ದು 28.5 ಆಯ್ತು, ದೊಡ್ಡ ಟ್ರೇಲರಿಗೆ 55 ಟನ್ ತನಕ ಬಿಟ್ರು. 50 ಟನ್ನಿನ ಗಾಡಿ 100ಕ್ಕೆ 6ರ ಏರಿನಲ್ಲಿ ನಿಂತಿದೆ ಅಂದ್ಕೊಳ್ಳಿ. ಅದನ್ನು ಹಿಂದಕ್ಕೆ ಎಳೆಯೋ ಬಲ ಸುಮಾರು 3 ಟನ್ನಿನಷ್ಟು. ಸಿಗ್ನಲ್ ಬಿದ್ದು ನಿಂತು ಮತ್ತೆ ಹೊರಡೋದು ಅಂದ್ರೆ ಆ 3 ಟನ್ನನ್ನು ಕ್ಲಚ್ ಮೇಲೆ ಹೊತ್ತು ಏಳೋದು. ಇಳಿತದಲ್ಲಿ ಅದೇ ಬಲ ಬ್ರೇಕಿನ ಮೇಲೆ. ಬ್ರೇಕ್ ಕಾದು ಕೆಂಪಾದ್ರೆ ಹಿಡಿಯೋದು ನಿಲ್ಲತ್ತೆ. ಎತ್ತರದ ಲೆಕ್ಕವೂ ಇದೆ: ಎತ್ತರದ ಬಗೆಯ ಕಂಟೇನರ್ 2.9 ಮೀಟರ್, ಕೆಳಗಿನ ಹಲಗೆ ಸೇರಿ ರಸ್ತೆಯಿಂದ ಸುಮಾರು ನಾಲ್ಕೂವರೆ ಮೀಟರ್. ಊರೊಳಗಿನ ರೈಲ್ವೆ ಅಂಡರ್‌ಪಾಸ್, ತಗ್ಗಿ ಬಿದ್ದ ಕೇಬಲ್, ಮರದ ಕೊಂಬೆ, ಎಲ್ಲ ಇವನ ಶತ್ರುಗಳು. ಹಾಗಾಗಿ ಟ್ರೇಲರಿಗೆ ಊರೊಳಗೆ ದಾರಿ ಹುಡುಕೋದು ಅಂದ್ರೆ ಹತ್ತು ದಾರಿಯಲ್ಲಿ ಒಳ್ಳೇದು ಆರಿಸೋದಲ್ಲ. ಒಂಬತ್ತನ್ನು ಹೊಡೆದು ಹಾಕೋದು, ಉಳಿದ ಒಂದರಲ್ಲಿ ಹೋಗೋದು. ಮಂಗಳೂರಲ್ಲಿ ಆ ಉಳಿದ ಒಂದರ ಹೆಸರು ನಂತೂರು.

ಇಲ್ಲಿ ಒಂದು ವಿಷಯ ನಂಗೆ ಬಹಳ ಕುತೂಹಲದ್ದು. ಈ ಊರಿಗೆ ತುಂಬ ದೊಡ್ಡ ಭಾರ ಬಂದಾಗೆಲ್ಲ, ಬುದ್ಧಿವಂತರು ಅದನ್ನು ರಸ್ತೆಯಿಂದಲೇ ತಪ್ಪಿಸೋಕೆ ನೋಡಿದ್ದಾರೆ. ಕುದುರೆಮುಖದ ಅದಿರು ನೆನಪಿಸಿಕೊಳ್ಳಿ. ಅದನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, 67 ಕಿಲೋಮೀಟರ್ ಪೈಪಲ್ಲಿ ಘಟ್ಟದಿಂದ ಪಣಂಬೂರಿಗೆ ಇಳಿಸಿದ್ರು. 2005ರ ಕೊನೆಗೆ ಗಣಿ ನಿಲ್ಲೋವರೆಗೂ ಅದು ನಡೀತು. ಗಣಿಯಿಂದ ಕಾಡಿಗೆ ಏನಾಯ್ತು ಅನ್ನೋದು ಬೇರೆ ಎಪಿಸೋಡು, ಆದ್ರೆ ಆ ಅದಿರಿಗೆ ಕಾರ್ಕಳ-ಮಂಗಳೂರು ರಸ್ತೆಯಲ್ಲಿ ಲಾರಿ ಸಾಲು ನಿಲ್ಲಲಿಲ್ಲ. ಕೊಂಕಣ ರೈಲ್ವೆಯವರದ್ದು ಇನ್ನೂ ಮಜಾ. 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಕಳಿಸೋಕೆ ಶುರು ಮಾಡಿದ್ರು. ಆಮೇಲೆ ಅದು ಸುರತ್ಕಲ್ ತನಕ ಬಂತು. ಡ್ರೈವರ್ ತನ್ನ ಲಾರಿಯಲ್ಲೇ ಕೂತು, ಸ್ಟೇರಿಂಗ್ ಮುಟ್ಟದೆ, ಕೊಂಕಣದ ಸುರಂಗಗಳನ್ನೆಲ್ಲ ದಾಟಿ ಬರ್ತಾನೆ. ಸುರತ್ಕಲ್ ಹತ್ತಿರ ಹಳಿ ಪಕ್ಕದಲ್ಲಿ ನಿಂತ್ರೆ ಈ ಲಾರಿಗಳ ಮೆರವಣಿಗೆ ನೋಡ್ಬಹುದು.

ತಪ್ಪಿಸೋಕೆ ಯಾರೂ ಮನಸ್ಸು ಮಾಡದಿದ್ದಾಗ ಏನಾಗತ್ತೆ ಅನ್ನೋದಕ್ಕೂ ಉದಾಹರಣೆ ನಮ್ಮಲ್ಲೇ ಉಂಟು. 2000ದ ದಶಕದಲ್ಲಿ ಬಳ್ಳಾರಿ ಕಡೆಯ ಅದಿರು ಲಾರಿಗಳಲ್ಲೇ ಬಂತು. ಹಾಸನ-ಮಂಗಳೂರು ರೈಲು ಹಳಿ ಬದಲಾವಣೆಗೆ ಅಂತ 1996ರಲ್ಲಿ ನಿಂತದ್ದು, ಸರಕು ಗಾಡಿ ಮತ್ತೆ ಓಡೋಕೆ 2006 ಆಯ್ತು. ಸರಿಯಾಗಿ ಬೇಕಾದ ಹೊತ್ತಲ್ಲೇ ರೈಲಿಲ್ಲ. ಶಿರಾಡಿ ಘಾಟಿಯ ರಸ್ತೆ ಹೊಂಡವಾಗಿ, ಹೊಂಡ ಕೆರೆಯಾಗಿ, ಬಸ್ಸುಗಳು ರಾತ್ರಿಯಿಡೀ ಸಿಕ್ಕಿಹಾಕಿಕೊಳ್ತಿದ್ದ ಕಾಲ ಅದು. 2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿದ ಮೇಲೆ ಆ ಸಾಲು ಕರಗಿತು. ಲಾಭ ಯಾರ ಪುಸ್ತಕಕ್ಕೆ ಹೋಯ್ತು, ರಸ್ತೆ ರಿಪೇರಿ ಯಾರ ಪುಸ್ತಕದಲ್ಲಿ ಬಂತು, ಅದು ನಮ್ಮ ಕಾಲೇಜಿನ ಅಕೌಂಟ್ಸ್ ಪೇಪರಲ್ಲಿ ಯಾವತ್ತೂ ಕೇಳದ ಪ್ರಶ್ನೆ.

ಅದಿರು ಹೊಂಡ ಮಾಡ್ತು. ಗ್ಯಾಸ್ ಜೀವ ತೆಗೀತು. ಪಣಂಬೂರಿಗೆ ಬರೋ ಅಡುಗೆ ಅನಿಲ ಬುಲೆಟ್ ಟ್ಯಾಂಕರುಗಳಲ್ಲಿ ಎಲ್ಲ ದಿಕ್ಕಿಗೂ ಹೋಗ್ತಿತ್ತು. ಒಂದೊಂದರಲ್ಲಿ ಸುಮಾರು 17-18 ಟನ್. ಒಳಗಿರೋದು ದ್ರವ, ಅದಕ್ಕೆ ತನ್ನದೇ ಓಟ ಇದೆ. ತಿರುವಿನಲ್ಲಿ ಒಂದು ಪಕ್ಕಕ್ಕೆ ನುಗ್ಗತ್ತೆ, ಗಾಡಿಯನ್ನೂ ಎಳ್ಕೊಂಡು ಹೋಗತ್ತೆ. 2012ರ ಆಗಸ್ಟ್ 27ರ ರಾತ್ರಿ ಮಂಗಳೂರಿನಿಂದ ಕೋಝಿಕ್ಕೋಡ್ ಕಡೆ ಹೊರಟಿದ್ದ ಟ್ಯಾಂಕರ್ ಕಣ್ಣೂರಿನ ಚಾಲದಲ್ಲಿ ರಸ್ತೆ ವಿಭಜಕಕ್ಕೆ ಹೊಡೆದು ಮಗುಚಿತು. ಗ್ಯಾಸ್ ಹರಡಿ ಬೆಂಕಿ ಹತ್ತಿ, 20 ಜನ ಹೋದ್ರು. ಎಂಟು ತಿಂಗಳೂ ಆಗಿರಲಿಲ್ಲ, 2013ರ ಏಪ್ರಿಲ್ 9ರಂದು ಮಾಣಿ ಮತ್ತು ಉಪ್ಪಿನಂಗಡಿ ನಡುವಿನ ಪೆರ್ನೆಯಲ್ಲಿ ಇನ್ನೊಂದು ಟ್ಯಾಂಕರ್ ಮಗುಚಿತು. ರಸ್ತೆ ಬದಿಯ ಮನೆಗಳು ಸುಟ್ಟು ಹೋದ್ವು. ಮನೆಯಲ್ಲಿದ್ದವರು ಮನೆಯಲ್ಲೇ ಹೋದ್ರು. ನಾನಾಗ ಕಾಲೇಜಿಗೆ ಹೋಗೋ ವಯಸ್ಸಿನ ಹತ್ತಿರ ಹತ್ತಿರ. ಆ ದಿನದ ನಂತರ ನಮ್ಮ ಕಡೆ ಬಸ್ಸು ಟ್ಯಾಂಕರಿನ ಹಿಂದೆ ಹೋಗ್ತಿದ್ರೆ ಜನ ಸುಮ್ಮನಾಗಿಬಿಡ್ತಿದ್ರು. ಮಾತು ನಿಲ್ತಿತ್ತು, ಅಷ್ಟೇ.

ಇದಕ್ಕೂ ಉತ್ತರ ಕೊನೆಗೆ ಪೈಪಿನಿಂದಲೇ ಬಂತು. ಮಂಗಳೂರಿನಿಂದ ಹಾಸನ, ಮೈಸೂರು ಮೇಲೆ ಬೆಂಗಳೂರು ಹತ್ತಿರದ ಸೋಲೂರಿನವರೆಗೆ 397 ಕಿಲೋಮೀಟರಿನ ಅನಿಲ ಪೈಪ್‌ಲೈನ್ 2016ರ ಹೊತ್ತಿಗೆ ಶುರುವಾಯ್ತು. ಪೆಟ್ರೋಲ್-ಡೀಸೆಲಿಗೆ ಹಾಸನ ಮೂಲಕ ಬೆಂಗಳೂರಿಗೆ ಪೈಪ್ 2003ರಿಂದಲೇ ಇತ್ತು. ಪೆಟ್ರೋಲಿಗೆ ಹತ್ತು ವರ್ಷ ಮೊದಲೇ ಆದ ಕೆಲಸ ಗ್ಯಾಸಿಗೆ ಯಾಕೆ ಅಷ್ಟು ತಡ ಅಂತ ಪೆರ್ನೆಯವರು ಕೇಳಿದ್ರೆ ನನ್ನ ಹತ್ತಿರ ಉತ್ತರ ಇಲ್ಲ. ಟ್ಯಾಂಕರುಗಳು ಪೂರ್ತಿ ಹೋಗಿಲ್ಲ. ಪೈಪ್ ಹೋಗದ ಊರುಗಳಿಗೆ ಅವು ಇವತ್ತೂ ನಂತೂರು ಸುತ್ತಿಯೇ ಹೋಗ್ತವೆ.

ಮಧ್ಯೆ ಪಂಪ್‌ವೆಲ್ ಹೆಸರು ಎತ್ತದಿದ್ರೆ ನೀವು ನನ್ನನ್ನು ಬಿಡಲ್ಲ. 2010ರಲ್ಲಿ ಶುರುವಾದ ಫ್ಲೈಓವರ್, ವಾಹನ ಓಡಿದ್ದು 2020ರ ಜನವರಿ 31ರಂದು. ಹತ್ತು ವರ್ಷದಲ್ಲಿ ಅದರ ಮೇಲೆ ಲಾರಿ ಓಡಲಿಲ್ಲ, ಮೀಮುಗಳು ಓಡಿದ್ವು. ನಗಾಡಿದ್ದೇವೆ ಸರಿ, ಆದ್ರೆ ಆ ಹತ್ತು ವರ್ಷ ಕೇರಳಕ್ಕೆ ಹೋಗೋ ಪ್ರತಿ ಕಂಟೇನರ್ ಆ ತಗ್ಗಿನ ಸರ್ಕಲ್ ಸುತ್ತಿಕೊಂಡೇ ಹೋಗಿದೆ. ಇತ್ತ ಸುರತ್ಕಲ್ ಟೋಲ್‌ಗೇಟ್ ದೊಡ್ಡ ಹೋರಾಟದ ನಂತರ 2022ರ ಡಿಸೆಂಬರ್ 1ಕ್ಕೆ ನಿಂತಿತು.

ಊರು ದಾಟಿದ್ರೆ ಮುಗೀತಾ? ಇಲ್ಲ, ಶಿರಾಡಿ ಬಾಕಿ ಇದೆ. ಪಡೀಲಿನ ಆಚೆ ಒಂದು ಚಹಾದಂಗಡಿಯಲ್ಲಿ ಸಿಕ್ಕಿದ ಹಾಸನದ ಕಡೆಯ ಡ್ರೈವರ್ ಅಣ್ಣನ ಹತ್ತಿರ ಕೇಳಿದೆ, "ಅಣ್ಣಾ, ಊರೊಳಗೆ ಕಷ್ಟವಾ, ಘಾಟಿಯಲ್ಲಿ ಕಷ್ಟವಾ?" ಅಂತ. ಅವರು ಚಹಾ ಕೆಳಗಿಟ್ಟು ಹೇಳಿದ್ರು, "ಘಾಟಿ ನನ್ ಕೈಲೈತೆ ತಮ್ಮಾ. ಊರು ನನ್ ಕೈಲಿಲ್ಲ. ಅಲ್ಲಿ ಯಾವನ್ ಎಲ್ಲಿಂದ ನುಗ್ತಾನೋ, ದೇವ್ರಿಗೇ ಗೊತ್ತು." ಹಾಗಂತ ಘಾಟಿಯೂ ಯಾವಾಗಲೂ ಕೈಯಲ್ಲಿರಲ್ಲ. ಕಾಂಕ್ರೀಟ್ ಹಾಕೋಕೆ 2015ರಲ್ಲಿ ತಿಂಗಳುಗಟ್ಟಲೆ ಬಂದ್, 2018ರಲ್ಲಿ ಮತ್ತೆ ಬಂದ್. ತೆರೆದು ಒಂದು ತಿಂಗಳಿಗೆ, 2018ರ ಆಗಸ್ಟ್ ಮಳೆಗೆ ಗುಡ್ಡ ಕುಸೀತು. ಅದೇ ಹೊತ್ತಿಗೆ ಮಡಿಕೇರಿಗೆ ಹೋಗೋ ಸಂಪಾಜೆ ದಾರಿಯೂ ಕಡಿದು ಹೋಯ್ತು. ಚಾರ್ಮಾಡಿ ದೊಡ್ಡ ಲಾರಿಗೆ ಆಗಿಬರಲ್ಲ, ಆಗುಂಬೆಯ ತಿರುವುಗಳಂತೂ ಕೇಳೋದೇ ಬೇಡ. ಬಂದರಿನಲ್ಲಿ ಹಡಗು ನಿಂತಿದೆ, ಸರಕು ಇಳಿದಿದೆ, ದೇಶದೊಳಗೆ ಹೋಗೋ ಬಾಗಿಲು ಮಾತ್ರ ಮುಚ್ಚಿದೆ. ಹಿಂದೆ ಮಳೆಗಾಲದಲ್ಲಿ ಅಳಿವೆ ಮುಚ್ತಿತ್ತು, ಈಗ ಘಾಟಿ ಮುಚ್ಚತ್ತೆ. ಶಿರಾಡಿಗೆ ಸುಮಾರು 23 ಕಿಲೋಮೀಟರಿನ ಸುರಂಗ ಮಾರ್ಗದ ಯೋಜನೆಯನ್ನು ನಾವು ಬಾಲ್ಯದಿಂದ ಕೇಳ್ತಾ ಬಂದ ಹಾಗಿದೆ. ಮುಲ್ಕಿಯಿಂದ ಕಟೀಲು, ಕೈಕಂಬ, ಪೊಳಲಿ ಮೇಲೆ ಬಿ.ಸಿ. ರೋಡಿಗೆ, ಊರನ್ನೇ ಹೊರಗಿಟ್ಟು ಹೋಗೋ ಬೈಪಾಸಿನ ಪ್ರಸ್ತಾಪವೂ ಹಾಗೇ. ಆ ಬೈಪಾಸಿನ ಮೇಲೆ ನನಗೆ ಸುರಂಗಕ್ಕಿಂತ ಹೆಚ್ಚು ಆಸೆ ಇದೆ. ಆದ್ರೆ ಅದು ಹಾದು ಹೋಗೋ ತೋಟ, ಮನೆಗಳವರ ಹತ್ತಿರ ಮೊದಲು ಮಾತಾಡ್ಬೇಕು.

ಕೊನೆಗೆ ನನ್ನ ವಿಷಯದ ಒಂದು ತುಣುಕು. ಸರಕು ಸಾಗಿಸೋಕೆ ಜಿಎಸ್‌ಟಿಯ ಇ-ವೇ ಬಿಲ್ ಬೇಕಲ್ಲ, ಅದಕ್ಕೆ ಆಯುಷ್ಯ ಇರತ್ತೆ. 2021ರಿಂದ ಸಾಮಾನ್ಯ ಲಾರಿಗೆ 200 ಕಿಲೋಮೀಟರಿಗೆ ಒಂದು ದಿನ. ಬೆಂಗಳೂರು ಸುಮಾರು 350 ಕಿಲೋಮೀಟರ್ ಅಂತ ಇಟ್ಕೊಂಡ್ರೆ ಎರಡು ದಿನ. ಆದ್ರೆ ಟರ್ಬೈನ್, ಟ್ರಾನ್ಸ್‌ಫಾರ್ಮರ್ ತರದ, ಅಳತೆ ಮೀರಿದ ಸರಕಿಗೆ ಕಾನೂನೇ ಕೊಡೋದು 20 ಕಿಲೋಮೀಟರಿಗೆ ಒಂದು ದಿನ. ಅಂದ್ರೆ ಅದೇ ಬೆಂಗಳೂರಿಗೆ 18 ದಿನ. ಎತ್ತಿನ ಗಾಡಿಯೇ ಇದಕ್ಕಿಂತ ಬೇಗ ಹೋಗ್ತಿತ್ತೇನೋ. ಇಂಥ ಗಾಡಿಗೆ ಹೊರಡೋ ಮೊದಲೇ ಒಬ್ಬ ಹೋಗಿ ದಾರಿ ನೋಡಿ ಬರಬೇಕು. ಯಾವ ಸೇತುವೆ ತಡೆಯತ್ತೆ, ಯಾವ ತಂತಿ ಎತ್ತಬೇಕು, ಯಾವ ದಿಬ್ಬದಲ್ಲಿ ಹಲಗೆಯ ಹೊಟ್ಟೆ ನೆಲಕ್ಕೆ ತಾಗತ್ತೆ, ಎಲ್ಲ ಬರ್ಕೊಂಡು ಬರಬೇಕು. ಬಿಲ್ಲಿನ ಅವಧಿ ಮುಗಿಯೋ ಎಂಟು ಗಂಟೆ ಮೊದಲು ಅಥವಾ ಮುಗಿದು ಎಂಟು ಗಂಟೆಯೊಳಗೆ ವಿಸ್ತರಿಸಿಕೊಳ್ಳಬಹುದು. ಘಾಟಿಯಲ್ಲಿ ಗುಡ್ಡ ಬಿದ್ದು ನಿಂತ ಡ್ರೈವರ್, ನೆಟ್‌ವರ್ಕ್ ಇಲ್ಲದ ಗುಂಡ್ಯದ ಹತ್ತಿರ ಫೋನ್ ಎತ್ತಿ ಹಿಡ್ಕೊಂಡು ಓಡಾಡ್ತಿದ್ರೆ, ಅವನು ರೀಲ್ಸ್ ನೋಡೋಕೆ ಹುಡುಕ್ತಿರೋದಲ್ಲ. ಊರಲ್ಲಿರೋ ಮಾಲೀಕನಿಗೆ ಬಿಲ್ ವಿಸ್ತರಿಸಿ ಅಂತ ಹೇಳೋಕೆ ಒಂದು ಗೆರೆ ಸಿಗ್ನಲ್ ಹುಡುಕ್ತಿರ್ತಾನೆ.